ಮಗಳ ತಲೆನೋವು, ಅಮ್ಮನ ಉತ್ತರ

'ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ' ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಬೇಕಾದದ್ದೇ ತಾನಾಗಿ ಒದಗಿ ಬಂದಾಗ ಆಡುವ ಮಾತು ಅದು. ಆದರೆ ಆ ಗಾದೆಯಲ್ಲಿ ಇರುವವರು ಇಬ್ಬರೇ ಎಂಬುದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಒಬ್ಬರು ರೋಗಿ, ಇನ್ನೊಬ್ಬರು ವೈದ್ಯರು. ರೋಗಿಯ ಪರವಾಗಿ ಮಾತನಾಡುವ ಮೂರನೆಯವರು ಅಲ್ಲಿಲ್ಲ. ಈ ನಾಡಿನ ಕ್ಲಿನಿಕ್ಕುಗಳಲ್ಲಿ ಮಾತ್ರ ಆ ಮೂರನೆಯವರು ಇದ್ದೇ ಇರುತ್ತಾರೆ. ರೋಗಿಯು ವಿದ್ಯಾರ್ಥಿಯಾಗಿದ್ದರಂತೂ ನೋವು ಒಬ್ಬರದು, ಬಾಯಿ ಇನ್ನೊಬ್ಬರದು!

ಯಾವ ಊರಿನಲ್ಲಾದರೂ ಕಾಣಬಹುದಾದ ಒಂದು ಸಂಸಾರವನ್ನು ಊಹಿಸಿಕೊಳ್ಳೋಣ. ಮಗಳು ಎರಡನೆಯ ಪಿಯುಸಿ, ವಿಜ್ಞಾನ ವಿಭಾಗ. ಬೆಳಿಗ್ಗೆ ಐದೂವರೆಗೆ ಟ್ಯೂಷನ್, ಅಲ್ಲಿಂದ ನೇರವಾಗಿ ಕಾಲೇಜು, ಸಂಜೆ ಮತ್ತೊಂದು ಟ್ಯೂಷನ್. ನಾಲ್ಕು ತಿಂಗಳಿಂದ ತಲೆನೋವು, ಜೊತೆಗೆ ಹೊಟ್ಟೆಯುರಿ. ಒಂದು ಸಂಜೆ ತಾಯಿ ಅವಳನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗುತ್ತಾಳೆ. ಹೊರಗೆ ಇಪ್ಪತ್ತು ಜನ ಕಾದಿದ್ದಾರೆ.

"ಏನಮ್ಮಾ, ಏನಾಗ್ತಿದೆ?" ಎಂದು ಡಾಕ್ಟರು ಹುಡುಗಿಯನ್ನು ಕೇಳುತ್ತಾರೆ.

"ತಲೆನೋವು ಅಂತಾಳೆ ಡಾಕ್ಟ್ರೇ. ಬೆಳಿಗ್ಗೆ ತಿಂಡಿ ತಿನ್ನಲ್ಲ, ಬರೀ ಮೊಬೈಲು. ಗ್ಯಾಸ್ಟ್ರಿಕ್ ಇರಬೇಕು. ಮಾರ್ಚಿಗೆ ಪರೀಕ್ಷೆ ಬೇರೆ. ಒಂದು ಒಳ್ಳೇ ಟಾನಿಕ್ ಬರೆದುಕೊಡಿ" ಎಂದು ತಾಯಿ ಉತ್ತರಿಸುತ್ತಾಳೆ.

"ಬೇರೆ ಏನಾದರೂ ಮಾತ್ರೆ ತೊಗೋತಿದಾಳಾ?"

"ಇಲ್ಲ, ಇಲ್ಲ. ನಮ್ಮ ಮನೇಲಿ ಮಾತ್ರೆ ಅಭ್ಯಾಸವೇ ಇಲ್ಲ."

ಹುಡುಗಿ ತಲೆ ತಗ್ಗಿಸಿ ಕುಳಿತಿರುತ್ತಾಳೆ. ಹೊಟ್ಟೆಯುರಿಗೆ ಮಾತ್ರೆ, ಟಾನಿಕ್ಕು ಬರೆದದ್ದಾಗುತ್ತದೆ. ನೋವು ನಿಲ್ಲುವುದಿಲ್ಲ. ಮುಂದಿನ ತಿಂಗಳು ಕಣ್ಣಿನ ಡಾಕ್ಟರು. ಕನ್ನಡಕ ಬೇಕಿಲ್ಲ ಎನ್ನುತ್ತಾರೆ. ಆಮೇಲೆ ಜಿಲ್ಲಾ ಕೇಂದ್ರಕ್ಕೆ ಹೋಗಿ, ಸಾವಿರಾರು ರೂಪಾಯಿ ಕೊಟ್ಟು ತಲೆಯ ಸ್ಕ್ಯಾನು. ಅದರಲ್ಲೂ ಏನೂ ಇಲ್ಲ. ಏನೂ ಇಲ್ಲದಿದ್ದರೆ ನೋವು ಎಲ್ಲಿಂದ ಬಂತು? 'ಓದು ತಪ್ಪಿಸಿಕೊಳ್ಳಲು ನೆವ' ಎಂಬ ಮಾತು ಮನೆಯಲ್ಲಿ ಮೆಲ್ಲಗೆ ಶುರುವಾಗುತ್ತದೆ.

ನಾಲ್ಕನೆಯವರು ಒಬ್ಬ ವಯಸ್ಸಾದ ಲೇಡಿ ಡಾಕ್ಟರು. ತಾಯಿಯ ಮಾತನ್ನು ಪೂರ್ತಿ ಕೇಳಿ, "ಅಮ್ಮಾ, ನೀವೊಂದು ಐದು ನಿಮಿಷ ಹೊರಗೆ ಕೂತಿರಿ. ಮಗಳ ಹತ್ತಿರ ಮಾತಾಡಿ ನಿಮ್ಮನ್ನು ಕರೀತೀನಿ" ಎನ್ನುತ್ತಾರೆ. ಬಾಗಿಲು ಮುಚ್ಚಿದ ಮೇಲೆ ವಿಷಯ ಹೊರಬೀಳುತ್ತದೆ. ಟ್ಯೂಷನ್ನಿನ ಗೆಳತಿಯೊಬ್ಬಳು ಕೊಟ್ಟ ನೋವಿನ ಮಾತ್ರೆ ಮೊದಲ ದಿನ ಚೆನ್ನಾಗಿಯೇ ಕೆಲಸ ಮಾಡಿತ್ತು. ಆಮೇಲೆ ಹುಡುಗಿ ತಾನೇ ಮೆಡಿಕಲ್ ಶಾಪಿನಲ್ಲಿ ಕೊಳ್ಳತೊಡಗಿದಳು. ಈಗ ಹೆಚ್ಚುಕಡಿಮೆ ದಿನಕ್ಕೊಂದು, ಅದೂ ಖಾಲಿ ಹೊಟ್ಟೆಯಲ್ಲಿ.

ತಲೆನೋವಿಗೆಂದು ನುಂಗಿದ ಮಾತ್ರೆಯೇ ತಲೆನೋವನ್ನು ಸಾಕುವುದುಂಟು. ಮೊದಲೇ ತಲೆನೋವಿನ ಪ್ರವೃತ್ತಿ ಇರುವವರು ಮೂರು ತಿಂಗಳಿಗೂ ಮೀರಿ, ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು ದಿನ ಸಾಮಾನ್ಯ ನೋವಿನ ಮಾತ್ರೆ ತೆಗೆದುಕೊಂಡರೆ ಹೀಗಾಗಬಹುದು. ಎರಡು ಮೂರು ಔಷಧ ಬೆರೆಸಿದ ಮಾತ್ರೆಯಾದರೆ ತಿಂಗಳಿಗೆ 10 ದಿನವೇ ಸಾಕು. ಐಬುಪ್ರೊಫೆನ್, ಡೈಕ್ಲೊಫೆನ್ಯಾಕ್‌ನಂಥ ಮಾತ್ರೆಗಳು ಹೊಟ್ಟೆಯ ಒಳಪದರವನ್ನೂ ಕೆರಳಿಸುತ್ತವೆ. ಹೀಗೆ ಎರಡು ಕಾಯಿಲೆಯಂತೆ ಕಂಡದ್ದಕ್ಕೆ ಕಾರಣ ಒಂದೇ ಆಗಿತ್ತು. ಅದನ್ನು ಯಾವ ಸ್ಕ್ಯಾನಿನ ಯಂತ್ರವೂ ತೋರಿಸಲಾರದು. ಹುಡುಗಿಯ ಬಾಯಿಂದಲೇ ಬರಬೇಕಿತ್ತು.

ರೋಗಿಯ ಮಾತಿನ ಬೆಲೆ

ವೈದ್ಯರ ಕೊರಳಲ್ಲಿ ತೂಗುವ ಸ್ಟೆಥಾಸ್ಕೋಪನ್ನು ಫ್ರಾನ್ಸಿನ ಲೆನೆಕ್ ಎಂಬ ವೈದ್ಯ ಕಂಡುಹಿಡಿದದ್ದು 1816ರಲ್ಲಿ. ಅಲ್ಲಿಂದೀಚೆಗೆ ಎಕ್ಸ್‌ರೇ, ಸ್ಕ್ಯಾನಿಂಗ್, ನೂರಾರು ಬಗೆಯ ರಕ್ತಪರೀಕ್ಷೆಗಳು ಬಂದಿವೆ. ಇಷ್ಟೆಲ್ಲ ಇರುವಾಗ ರೋಗಿ ಹೇಳುವ ಕಥೆಗೆ ಏನು ಬೆಲೆ ಎಂದು ಅನೇಕರಿಗೆ ಅನ್ನಿಸುವುದು ಸಹಜ.

ಬೆಲೆ ಎಷ್ಟೆಂಬುದನ್ನು ಇಂಗ್ಲೆಂಡಿನ ಕೆಲವು ವೈದ್ಯರು 1975ರಲ್ಲಿ ಅಳೆದು ನೋಡಿದರು. ಹೊಸದಾಗಿ ಬಂದ 80 ಹೊರರೋಗಿಗಳನ್ನು ತೆಗೆದುಕೊಂಡು, ಅವರ ಮಾತು ಕೇಳಿದ ಮೇಲೆ ಒಮ್ಮೆ, ಮೈಮುಟ್ಟಿ ಪರೀಕ್ಷಿಸಿದ ಮೇಲೆ ಒಮ್ಮೆ, ಲ್ಯಾಬ್ ಪರೀಕ್ಷೆಯ ನಂತರ ಒಮ್ಮೆ ರೋಗ ಯಾವುದೆಂದು ಬರೆದಿಟ್ಟರು. ಕೊನೆಗೆ ಹೋಲಿಸಿದಾಗ 66 ಮಂದಿಯಲ್ಲಿ ಮಾತು ಕೇಳಿ ಬರೆದದ್ದೇ ಸರಿಯಾಗಿತ್ತು. ಮೈ ಪರೀಕ್ಷೆಯಿಂದ ಅಭಿಪ್ರಾಯ ಬದಲಾದದ್ದು 7 ಮಂದಿಯಲ್ಲಿ, ಲ್ಯಾಬಿನಿಂದ ಬದಲಾದದ್ದು ಇನ್ನು 7 ಮಂದಿಯಲ್ಲಿ. ಪರೀಕ್ಷೆಗಳು ಬೇಡವೆಂದು ಇದರ ಅರ್ಥವಲ್ಲ. ಯಾವ ಪರೀಕ್ಷೆ ಬೇಕು ಎಂಬುದನ್ನು ತೋರಿಸುವುದೂ ರೋಗಿಯ ಮಾತೇ. ಮಾತು ತಪ್ಪಿದರೆ ಪರೀಕ್ಷೆಯೂ ದಾರಿ ತಪ್ಪುತ್ತದೆ, ಮೇಲಿನ ಸಂಸಾರದಲ್ಲಿ ಆದಂತೆ.

ಆದರೆ ಕೇಳಲು ಡಾಕ್ಟರಿಗೆ ಪುರುಸೊತ್ತೆಲ್ಲಿ ಎಂಬುದು ಎಲ್ಲರ ದೂರು. ದೂರಿನಲ್ಲಿ ಹುರುಳಿದೆ. ಅಮೆರಿಕದಲ್ಲಿ 1984ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 74 ಭೇಟಿಗಳನ್ನು ಪರಿಶೀಲಿಸಿದಾಗ, ರೋಗಿಗಳು ಬಾಯಿ ತೆರೆದ ಸರಾಸರಿ 18 ಸೆಕೆಂಡಿಗೆ ವೈದ್ಯರು ನಡುವೆ ಬಾಯಿ ಹಾಕಿದ್ದು ಕಂಡುಬಂತು. ತಮ್ಮ ಮೊದಲ ಮಾತನ್ನು ಪೂರ್ತಿ ಹೇಳಿ ಮುಗಿಸಲು ಅವಕಾಶ ಸಿಕ್ಕಿದ್ದು 17 ಮಂದಿಗೆ ಮಾತ್ರ. ಅನೇಕ ದೇಶಗಳ ಲೆಕ್ಕವನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಸ್ವೀಡನ್ನಿನಲ್ಲಿ ಒಂದು ಭೇಟಿಗೆ ಸರಾಸರಿ ಇಪ್ಪತ್ತೆರಡೂವರೆ ನಿಮಿಷ ಸಿಕ್ಕರೆ ಭಾರತದಲ್ಲಿ ಸಿಗುವುದು ಸುಮಾರು ಎರಡು ನಿಮಿಷ.

ಎರಡು ನಿಮಿಷ ತೀರಾ ಕಡಿಮೆ, ನಿಜ. ಹಾಗೆಂದು ಅದು ಏನೂ ಅಲ್ಲವೆನ್ನುವಂತೆಯೂ ಇಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಆಸ್ಪತ್ರೆಯಲ್ಲಿ 335 ರೋಗಿಗಳಿಗೆ, ತಾವೇ ನಿಲ್ಲಿಸುವ ತನಕ ಮಾತನಾಡಲು ಬಿಟ್ಟರು. 2002ರಲ್ಲಿ ಪ್ರಕಟವಾದ ಆ ಲೆಕ್ಕ ನೋಡಿದರೆ, ಯಾರೂ ತಡೆಯದಿದ್ದರೂ ಅವರು ತೆಗೆದುಕೊಂಡದ್ದು ಸರಾಸರಿ 92 ಸೆಕೆಂಡು. ಅಂದರೆ ಒಂದೂವರೆ ನಿಮಿಷ. ಮನುಷ್ಯ ತನ್ನ ನೋವನ್ನು ಹೇಳಿಕೊಳ್ಳಲು ಬೇಕಾದ ಹೊತ್ತು ಅಷ್ಟೇ. ಮೂರು ಗಂಟೆಯ ಪರೀಕ್ಷೆಗೆ ವರ್ಷವಿಡೀ ತಯಾರಿ ಮಾಡುವ ವಿದ್ಯಾರ್ಥಿ ಈ ಒಂದೂವರೆ ನಿಮಿಷಕ್ಕೆ ಹತ್ತು ನಿಮಿಷದ ತಯಾರಿ ಮಾಡಿಕೊಳ್ಳಬಾರದೇಕೆ?

ಅಂಗೈಯಗಲದ ಚೀಟಿ

ತಯಾರಿಗೆ ಬೇಕಾದದ್ದು ನೋಟ್‌ಬುಕ್ಕಿನ ಒಂದು ಹಾಳೆ. ಡಾಕ್ಟರ ಬಳಿ ಹೋಗುವ ಮುನ್ನ ವಿದ್ಯಾರ್ಥಿಯೇ, ತನ್ನ ಕೈಯಾರೆ, ನಾಲ್ಕು ಸಂಗತಿಗಳನ್ನು ಅದರಲ್ಲಿ ಬರೆದುಕೊಳ್ಳಬೇಕು.

ಮೊದಲನೆಯದು, ಎಲ್ಲಕ್ಕಿಂತ ಹೆಚ್ಚು ಕಾಡುವ ತೊಂದರೆ ಯಾವುದು? ಶೀತ, ಕೆಮ್ಮು ಎಂದು ಶುರುಮಾಡಿ, ಎದ್ದು ಹೊರಡುವಾಗ ಬಾಗಿಲ ಬಳಿ ನಿಂತು 'ಆಗಾಗ ಎದೆ ಹಿಡಿದ ಹಾಗಾಗುತ್ತೆ ಡಾಕ್ಟ್ರೇ' ಎನ್ನುವವರು ಬಹಳ. ಕೊನೆಗೆ ಹೇಳಬೇಕೆಂದುಕೊಂಡದ್ದೇ ಮೊದಲ ಸಾಲಿಗೆ ಬರಬೇಕು. ಹಾಗೆಯೇ, ತಲೆನೋವಿನ ವಿಷಯದಲ್ಲಿ ಹಠಾತ್ತನೆ ಬಂದ ಭಾರೀ ನೋವು, ಜ್ವರದೊಂದಿಗೆ ಕತ್ತು ಬಿಗಿಯುವುದು, ಬಿಡದ ವಾಂತಿ, ಕಣ್ಣು ಮಂಜಾಗುವುದು, ಫಿಟ್ಸ್, ಕೈಕಾಲು ಸೋಲುವುದು ಇವು ಇದ್ದರೆ ಚೀಟಿ ಬರೆಯುತ್ತಾ ಕೂರಬಾರದು. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಎರಡನೆಯದು, ಎಂದಿನಿಂದ? 'ತುಂಬಾ ದಿನದಿಂದ' ಎಂಬ ಉತ್ತರ ಡಾಕ್ಟರಿಗೆ ಏನನ್ನೂ ಹೇಳುವುದಿಲ್ಲ. 'ದಸರಾ ರಜೆ ಮುಗಿದ ಮೇಲೆ', 'ಹಾಸ್ಟೆಲಿಗೆ ಸೇರಿದ ವಾರದಿಂದ' ಎಂದರೆ ಬಹಳಷ್ಟು ಹೇಳಿದಂತೆ. ನೋವು ಬಂದ ದಿನ, ಹೊತ್ತು, ಅಂದು ತಿಂದದ್ದು, ಮಲಗಿದ ಗಂಟೆ ಇಷ್ಟನ್ನು ಹದಿನೈದು ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರಂತೂ ಡಾಕ್ಟರ ಅರ್ಧ ಕೆಲಸ ಮುಗಿದಂತೆ.

ಮೂರನೆಯದು, ಹೇಗಿದೆ? ಇಲ್ಲಿ ಕನ್ನಡವೇ ದೊಡ್ಡ ನೆರವು. ಚುಚ್ಚುವುದು, ಸಿಡಿಯುವುದು, ಸೆಳೆಯುವುದು, ನುಲಿಯುವುದು, ಉರಿಯುವುದು, ಭಾರವಾಗುವುದು, ಜೋಮು ಹಿಡಿಯುವುದು ಹೀಗೆ ನೋವಿಗೆ ಎಷ್ಟು ಮಾತುಗಳು! ಒಂದೊಂದೂ ಬೇರೆ ಬೇರೆ ದಾರಿ ತೋರಿಸುತ್ತದೆ. ಇಷ್ಟಿದ್ದೂ ಬಹುಮಂದಿ 'ಗ್ಯಾಸ್ಟ್ರಿಕ್', 'ಬಿ.ಪಿ. ಲೋ', 'ಮೈಗ್ರೇನ್' ಎಂದು ರೋಗದ ಹೆಸರನ್ನೇ ಹೇಳಿಬಿಡುತ್ತಾರೆ. ರೋಗದ ಹೆಸರು ಹೇಳುವುದು ಡಾಕ್ಟರ ಕೆಲಸ. ಮೈಗೆ ಆದದ್ದನ್ನು ಹೇಳುವುದು ರೋಗಿಯ ಕೆಲಸ. ಊರಿಂದೂರಿಗೆ ಮಾತು ಬದಲಾಗುವುದೂ ಉಂಟು. ಧಾರವಾಡದ ಕಡೆಯ ಹುಡುಗ ಬೆಂಗಳೂರಿನ ಡಾಕ್ಟರ ಮುಂದೆ 'ಹೊಟ್ಟಿ ಬ್ಯಾನಿ' ಎಂದರೆ ಅವರಿಗೆ ತಿಳಿಯದೇ ಹೋದೀತು. ಆಗ ನಾಚದೆ ಬೆರಳಿಟ್ಟು ಜಾಗ ತೋರಿಸಿದರಾಯಿತು. 'ಸಂಕಟ' ಎಂದಾಗ ಅದು ಹೊಟ್ಟೆ ತೊಳಸುವುದೋ, ಎದೆಯ ಬಾಧೆಯೋ, ಮನಸ್ಸಿನ ಕಳವಳವೋ ಎಂಬುದನ್ನೂ ಬಿಡಿಸಿ ಹೇಳಬೇಕು.

ನಾಲ್ಕನೆಯದು, ಈವರೆಗೆ ಏನೇನು ತೆಗೆದುಕೊಂಡದ್ದಾಗಿದೆ? ಗೆಳೆಯ ಕೊಟ್ಟ ಮಾತ್ರೆ, ಮೆಡಿಕಲ್ ಶಾಪಿನವರು ಕೊಟ್ಟ ಪುಡಿ, ಅಜ್ಜಿಯ ಕಷಾಯ, ನಾಟಿ ಔಷಧ, ರಾತ್ರಿ ಎಚ್ಚರವಿರಲು ಕುಡಿದ ಆರು ಲೋಟ ಕಾಫಿ ಎಲ್ಲವೂ ಇದರಲ್ಲಿ ಸೇರಬೇಕು. ಮಾತ್ರೆಯ ಹೆಸರು ನೆನಪಿಲ್ಲದಿದ್ದರೆ ಖಾಲಿ ಪಟ್ಟಿಯನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಬಹುದು. ಹಿಂದೆ ಯಾವುದಾದರೂ ಔಷಧದಿಂದ ಮೈಯೆಲ್ಲ ದದ್ದು ಎದ್ದಿದ್ದರೆ ಅದನ್ನು ತಪ್ಪದೆ ಹೇಳಬೇಕು. 'ಡಾಕ್ಟರ ಹತ್ತಿರ, ಲಾಯರ ಹತ್ತಿರ ಮುಚ್ಚಿಡಬಾರದು' ಎಂದು ಹಿರಿಯರು ಹೇಳುವುದು ಇದಕ್ಕೇ.

ಎದ್ದು ಬರುವ ಮುನ್ನ

ಹೇಳುವುದು ಅರ್ಧವಾದರೆ ಕೇಳಿಸಿಕೊಳ್ಳುವುದು ಇನ್ನರ್ಧ. ವೈದ್ಯರು ಹೇಳಿದ್ದರಲ್ಲಿ ಶೇಕಡ 40ರಿಂದ 80ರಷ್ಟನ್ನು ರೋಗಿಗಳು ಕೂಡಲೇ ಮರೆಯುತ್ತಾರೆಂದೂ, ನೆನಪಿದೆ ಎಂದುಕೊಂಡದ್ದರಲ್ಲೂ ಹೆಚ್ಚುಕಡಿಮೆ ಅರ್ಧ ತಪ್ಪಾಗಿರುತ್ತದೆಂದೂ 2003ರ ಒಂದು ವಿಮರ್ಶಾ ಲೇಖನ ಹೇಳುತ್ತದೆ. ಇದಕ್ಕೆ ಸುಲಭದ ಉಪಾಯವಿದೆ. ಪಾಠ ಒಪ್ಪಿಸುವಂತೆ, ಡಾಕ್ಟರು ಹೇಳಿದ್ದನ್ನು ಅವರ ಮುಂದೆಯೇ ತಿರುಗಿ ಹೇಳುವುದು. 'ಅಂದರೆ ಇದು ದಿನಕ್ಕೆ ಎರಡು ಸಲ, ಊಟ ಆದ ಮೇಲೆ, ಐದು ದಿನ. ಸರಿ ತಾನೇ ಡಾಕ್ಟ್ರೇ?' ಎಂದರೆ ಹತ್ತು ಸೆಕೆಂಡು. ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ.

ಮೂರು ಪ್ರಶ್ನೆಗಳನ್ನು ಯಾರೂ ಸಂಕೋಚಪಡದೆ ಕೇಳಬಹುದು. ನನಗೆ ಏನಾಗಿದೆ? ಈ ಮಾತ್ರೆ ಏತಕ್ಕೆ, ಎಷ್ಟು ದಿನ? ಏನಾದರೆ ಮತ್ತೆ ಬರಬೇಕು? ಚೀಟಿಯ ಅಕ್ಷರ ಓದಲಾಗದಿದ್ದರೆ ಅದನ್ನೂ ಕೇಳಬಹುದು. ಔಷಧದ ಮೂಲ ಹೆಸರನ್ನು ಓದಲು ಬರುವಂತೆ, ಸಾಧ್ಯವಾದರೆ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ವೈದ್ಯರಿಗೆ 2016ರಿಂದ ನಿಯಮವೇ ಇದೆ. ಹೀಗೆ ಕೇಳುವುದು ಎದುರುತ್ತರವಲ್ಲ. 'ದೊಡ್ಡವರನ್ನು ಪ್ರಶ್ನೆ ಕೇಳಬಾರದು' ಎಂದು ಕಲಿತು ಬೆಳೆದ ಮಕ್ಕಳಿಗೆ ಇದನ್ನು ತಾಯಿತಂದೆಯರೇ ಬಿಡಿಸಿ ಹೇಳಬೇಕು.

ತಾಯಿತಂದೆಯರ ಪಾಲು

ಮಗುವಿಗೆ ಎರಡು ವರ್ಷವಿದ್ದಾಗ ಅದರ ಪರವಾಗಿ ತಾಯಿಯೇ ಮಾತನಾಡಬೇಕು. ಹತ್ತು ವರ್ಷದ ಹುಡುಗ ತಾನೇ ಶುರುಮಾಡಿ, ಬಿಟ್ಟದ್ದನ್ನು ತಾಯಿ ಸೇರಿಸಿದರೆ ಸಾಕು. ಹೈಸ್ಕೂಲಿನ ಹೊತ್ತಿಗೆ ಮಗ ಅಥವಾ ಮಗಳೇ ಎಲ್ಲವನ್ನೂ ಹೇಳಿ ಮುಗಿಸುವಂತಾಗಬೇಕು. ಇದು ಡಾಕ್ಟರ ಅನುಕೂಲಕ್ಕಾಗಿ ಮಾತ್ರವಲ್ಲ. ಹದಿನೆಂಟು ತುಂಬುವುದರೊಳಗೆ ಎಷ್ಟೋ ಮಕ್ಕಳು ಮನೆ ಬಿಟ್ಟು ಹಾಸ್ಟೆಲು, ಬಾಡಿಗೆ ಕೋಣೆ ಸೇರುತ್ತಾರೆ. ನಡುರಾತ್ರಿ ಜ್ವರ ಬಂದಾಗ ಆಸ್ಪತ್ರೆಗೆ ಹೋಗುವುದು ಒಬ್ಬರೇ ಅಥವಾ ಕೋಣೆಯ ಗೆಳೆಯರ ಜೊತೆ. ಚಿಕ್ಕಂದಿನ ಆಪರೇಷನ್, ಒಗ್ಗದ ಔಷಧ, ಮನೆತನದಲ್ಲಿರುವ ಸಕ್ಕರೆ ಕಾಯಿಲೆ ಅಥವಾ ಆಸ್ತಮಾ ಇವೆಲ್ಲ ತಾಯಿಯ ತಲೆಯಲ್ಲಿ ಮಾತ್ರ ಇದ್ದರೆ ಆ ರಾತ್ರಿ ಪ್ರಯೋಜನಕ್ಕೆ ಬಾರದು.

ಹರೆಯದ ಮಕ್ಕಳಿಗೆ ಡಾಕ್ಟರ ಜೊತೆ ಐದು ನಿಮಿಷ ಏಕಾಂತ ಸಿಗಬೇಕು. ಮುಟ್ಟಿನ ತೊಂದರೆ, ಮೈಯಲ್ಲಾಗುವ ಬದಲಾವಣೆ, ಸಿಗರೇಟಿನ ಅಭ್ಯಾಸ, ನಿದ್ದೆ ಬಾರದ ರಾತ್ರಿ, ಯಾರೋ ಕೊಡುತ್ತಿರುವ ಕಿರುಕುಳ ಇಂಥವು ಅಪ್ಪ ಅಮ್ಮನ ಎದುರು ಬಾಯಿಗೆ ಬರುವುದಿಲ್ಲ. 'ನನಗಿಂತ ಡಾಕ್ಟರೇ ಹೆಚ್ಚಾದರೇ?' ಎಂದು ತಾಯಿ ನೊಂದುಕೊಳ್ಳಬೇಕಿಲ್ಲ. ಮಾತಿಗೆ ಮಾತ್ರ ಏಕಾಂತ. ಹುಡುಗಿಯನ್ನು ಮುಟ್ಟಿ ಪರೀಕ್ಷಿಸುವಾಗ ತಾಯಿಯೋ ನರ್ಸೋ ಜೊತೆಯಲ್ಲಿರಬೇಕು, ಅದನ್ನು ಕೇಳುವ ಹಕ್ಕು ಹುಡುಗಿಗಿದೆ. ಮಗುವಿನ ಜೀವಕ್ಕೆ ಅಪಾಯವಿರುವ ಸಂಗತಿಯನ್ನು ವೈದ್ಯರು ಹೆತ್ತವರಿಂದ ಮುಚ್ಚಿಡುವುದಿಲ್ಲ ಎಂಬುದನ್ನೂ ಮಕ್ಕಳು ಮೊದಲೇ ತಿಳಿದಿರಬೇಕು.

ಇಂಥ ಮಾತುಗಳಿಗೆ ಬಾಯಿ ಕೊಡುವ ಯತ್ನ ಕನ್ನಡದಲ್ಲಿ ಹೊಸದೇನಲ್ಲ. ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನ ಅವರು ಹರೆಯದ ಹುಡುಗಿಯರಿಗೆಂದೇ 'ಕೇಳು ಕಿಶೋರಿ' ಬರೆದರು. ಕೇಂದ್ರ ಸರ್ಕಾರ 2014ರಲ್ಲಿ ಆರಂಭಿಸಿದ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಕ್ಲಿನಿಕ್ಕುಗಳಿವೆ. ಕರ್ನಾಟಕದಲ್ಲಿ ಇವಕ್ಕೆ 'ಸ್ನೇಹ ಕ್ಲಿನಿಕ್' ಎಂದು ಹೆಸರು. ಮನಸ್ಸಿನ ಕಳವಳವನ್ನು ಎದುರು ಕುಳಿತು ಹೇಳಲಾಗದವರಿಗೆ 2022ರಲ್ಲಿ ಶುರುವಾದ ಟೆಲಿ-ಮಾನಸ್ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಎಲ್ಲ ಹೊಣೆಯೂ ರೋಗಿಯದೇ ಎಂದರೆ ಅನ್ಯಾಯವಾದೀತು. ಮುಖ ನೋಡದೆ ಚೀಟಿ ಬರೆಯುವ, ಕೇಳಿದ್ದಕ್ಕೆ ಗದರುವ ಡಾಕ್ಟರುಗಳೂ ಇದ್ದಾರೆ. ಅಂಥಲ್ಲಿ ಬೇರೆಯವರ ಬಳಿ ಹೋಗುವುದು ತಪ್ಪಲ್ಲ. ರೋಗಿಯ ಜೊತೆ ಮಾತನಾಡುವ ಬಗೆಯನ್ನು ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗೆ 2019ರಿಂದ ಪಠ್ಯದ ಭಾಗವಾಗಿಯೇ ಕಲಿಸಲಾಗುತ್ತಿದೆ. ಡಾಕ್ಟರಾಗುವವರು ಮಾತು ಕಲಿಯುತ್ತಿದ್ದಾರೆ. ರೋಗಿಯಾಗುವವರಿಗೆ ಮಾತ್ರ ಅದನ್ನು ಕಲಿಸುವ ಶಾಲೆ ಮನೆಯೊಂದೇ.

ಆ ಎರಡನೆಯ ಪಿಯುಸಿ ಹುಡುಗಿಯ ತಾಯಿ ಒಳಗೆ ಬಂದಾಗ, ಮಗಳ ಒಪ್ಪಿಗೆ ಪಡೆದೇ ಡಾಕ್ಟರು ವಿಷಯ ತಿಳಿಸಿದರು. "ನನ್ನ ಹತ್ತಿರ ಯಾಕೆ ಹೇಳಲಿಲ್ಲ?" ಎಂದು ತಾಯಿ ಕೇಳಿದಳು. "ಹೇಳಿದ್ರೆ ಅಪ್ಪ ಟ್ಯೂಷನ್ ಬಿಡಿಸ್ತಾರೆ ಅಂದ್ಕೊಂಡೆ ಅಮ್ಮಾ. ಅಷ್ಟು ದುಡ್ಡು ಕಟ್ಟಿದ್ದಾರೆ" ಎಂದಳು ಮಗಳು. ತಾಯಿಗೆ ಮರುಮಾತು ಹೊರಡಲಿಲ್ಲ.

ನೋವಿನ ಮಾತ್ರೆ ನಿಲ್ಲಿಸಬೇಕು, ಮೊದಲ ಕೆಲವು ದಿನ ನೋವು ಹೆಚ್ಚಾದೀತು, ಹೆದರಬಾರದು, ಬೆಳಿಗ್ಗೆ ತಿಂಡಿ ತಿನ್ನದೆ ಹೊರಡಬಾರದು, ರಾತ್ರಿ ನಿದ್ದೆ ಕೆಡಬಾರದು ಎಂದು ಡಾಕ್ಟರು ಹೇಳಿದರು. ಹದಿನೈದು ದಿನ ಬಿಟ್ಟು ಮತ್ತೆ ಬರಲು ಹೇಳಿದರು.

ಹದಿನೈದನೆಯ ದಿನ ಮಗಳು ಕ್ಯಾಲೆಂಡರಿನ ಹಾಳೆ ಹಿಡಿದು ಒಬ್ಬಳೇ ಒಳಗೆ ಹೋದಳು. ತಾಯಿ ಹೊರಗಿನ ಬೆಂಚಿನ ಮೇಲೆ ಸ್ಕ್ಯಾನಿನ ದೊಡ್ಡ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಸ್ವಲ್ಪ ಹೊತ್ತಿಗೆ ಮಗಳು ಹೊರಬಂದಳು.

"ಏನಂದ್ರು?" ಎಂದು ತಾಯಿ ಕೇಳಿದಳು.

ಮಗಳು ಪಕ್ಕದಲ್ಲಿ ಕುಳಿತು, ಚೀಟಿ ಬಿಚ್ಚಿ, ಮೊದಲಿನಿಂದ ಹೇಳತೊಡಗಿದಳು.